ಸೋಮವಾರದ ಚಕ್ಕಡಿ

ದಾಂಡೇಲಿಯಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಧಾರವಾಡಕ್ಕೆ ಮರಳುತ್ತಿದ್ದೆ. ಹಳಿಯಾಳದಲ್ಲಿ ಬಸ್ಸು ಕೆಟ್ಟು ನಿಂತಿತು. "ಅರ್ಧಾ ತಾಸು ಆಗ್ತೈತ್ರಿ" ಅಂದ ಕಂಡಕ್ಟರ್. ಈ ಸೀಮೆಯ ಅರ್ಧ ತಾಸು ಎಷ್ಟುದ್ದ ಇರುತ್ತದೆ ಎಂಬುದು ನನಗೆ ಹೊಸದಲ್ಲ. ಇಳಿದು ಪೇಟೆಯ ಕಡೆ ನಡೆದೆ. ಹಗ್ಗ, ಮಿಣಿ, ಬಾರುಕೋಲು ಮಾರುವ ಅಂಗಡಿಯ ಕಟ್ಟೆಯ ಮೇಲೆ ಮುದುಕನೊಬ್ಬ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸುತ್ತಿದ್ದ. ಚಕ್ಕಡಿಯ ಗಾಲಿ ಕಿರುಗುಟ್ಟದಂತೆ ಅಚ್ಚಿಗೆ ಹಾಕುವ ಕೀಲೆಣ್ಣೆ ಅದು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. ಒಂದು ಕಾಲಕ್ಕೆ ನನ್ನ ಎರಡೂ ಅಂಗೈ ಆ ಎಣ್ಣೆಯಲ್ಲಿ ಕಪ್ಪಾಗಿದ್ದವು, ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಆ ಬೇಸಿಗೆಯಲ್ಲಿ ಇದ್ದಷ್ಟು ಸುಖವಾಗಿ ನಾನು ನೌಕರಿಯಲ್ಲಿ ಮತ್ತೆಂದೂ ಇರಲಿಲ್ಲ ಅಂದರೆ ನನ್ನ ಮೇಲಿನವರಿಗೆ ಸಿಟ್ಟು ಬಂದೀತು. ಬರಲಿ, ಈಗ ಪೆನ್ಶನ್ ಕಸಿಯುವ ಹಾಗಿಲ್ಲ.

ಕನ್ನಡ ನಾಡು ಒಂದಾಗಿ ಆಗಿನ್ನೂ ಕೆಲವೇ ವರ್ಷ. ಊರೂರಿಗೆ ರಸ್ತೆ, ಬಾವಿ, ಶಾಲೆ ಆಗಬೇಕು, ಅದಕ್ಕೆ ಊರವರೇ ಕೈ ಹಚ್ಚಬೇಕು ಅಂತ ಸರಕಾರ ಸಮುದಾಯ ಅಭಿವೃದ್ಧಿ ಯೋಜನೆ ಹೂಡಿ, ತಾಲೂಕಿಗೊಂದು ಬ್ಲಾಕ್ ಆಫೀಸು ತೆರೆದಿತ್ತು. ನಾನು ಅದರಲ್ಲಿ ಗ್ರಾಮಸೇವಿಕೆ. ಕುಮಟೆಯ ಕಡಲ ದಂಡೆಯಿಂದ ಘಟ್ಟ ಹತ್ತಿ ಬಂದ ಹುಡುಗಿ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿ ಇಳಿದು, ಎಡಕ್ಕೆ ಒಂದು ಹಳ್ಳ ದಾಟಿದರೆ ಕೆಂಚನಕೊಪ್ಪ. ಸಂಕ್ರಾಂತಿ ಕಳೆದ ಮೇಲೆ ನನ್ನನ್ನು ಅಲ್ಲಿಗೆ ಹಾಕಿದರು.

ಇರಲು ಜಾಗ ಕೊಟ್ಟವಳು ಗಂಗವ್ವ. ಅವಳ ಗಂಡ ಈರಪ್ಪ ಅನುಕೂಲಸ್ಥ ರೈತ, ಮಾತು ಬಹಳ ಕಡಿಮೆ. ಆ ಕೊರತೆಯನ್ನು ಗಂಗವ್ವ ಧಾರಾಳವಾಗಿ ತುಂಬಿಕೊಡುತ್ತಿದ್ದಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಯಾವಾಗಲೂ ನಡುವಿಗೆ ಸಿಗಿಸಿದ ಸೆರಗು. ನಾನು ಟ್ರಂಕು ಕೆಳಗಿಡುವ ಮೊದಲೇ ಕೇಳಿಬಿಟ್ಟಳು: "ಅಕ್ಕೋರ, ನೀವು ಮೀನ ತಿನ್ನು ಮಂದಿ ಅಲ್ಲೇನ್ರಿ?"

"ಅಲ್ಲಿ ತಿನ್ನುತ್ತೇನೆ. ಇಲ್ಲಿ ತಿನ್ನುವುದಿಲ್ಲ" ಅಂದೆ.

"ಹಂಗಾರ ಒಳಗ ಬರ್ರಿ. ಕೇಳಿದ್ದು ಚೊಲೊ ಆತು. ಕೇಳಲಿಲ್ಲಂದ್ರ ದಿನಾ ನಿಮ್ಮ ಗಂಗಾಳ ಮೂಸಿ ನೋಡಬೇಕಾಗ್ತಿತ್ತು."

ನಾನು ನಕ್ಕೆ. ಮೀನಿಲ್ಲದೆ ತಿಂಗಳುಗಟ್ಟಲೆ ಇದ್ದೆ, ಆದರೆ ಆ ಮನೆಯ ಜೋಳದ ರೊಟ್ಟಿ, ಪುಂಡಿಪಲ್ಯ, ಕೆನೆಮೊಸರಿನ ಮುಂದೆ ನನ್ನ ನಾಲಗೆಯೂ ಹೆಚ್ಚು ತಕರಾರು ಮಾಡಲಿಲ್ಲ.

ಆ ಮನೆಯಲ್ಲಿ ಒಂದು ನೋವಿತ್ತು. ಗಂಗವ್ವನ ಒಬ್ಬಳೇ ಮಗಳು ಶಾಂತವ್ವ. ಅವಳ ಗಂಡ ಬೆಳಗಾವಿ ಕಡೆಯವನು, ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ, ಅಂಬೇವಾಡಿಯಲ್ಲಿ ಬಾಡಿಗೆ ಕೋಣೆ. ಹಿಂದಿನ ಮಳೆಗಾಲದಲ್ಲಿ ಶಾಂತವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳಂತೆ. ಬೇನೆ ಎದ್ದಾಗ ಹಳ್ಳ ತುಂಬಿ ಹರಿಯುತ್ತಿತ್ತು. ಆಸ್ಪತ್ರೆಗೆ ಹೊರಟ ಚಕ್ಕಡಿ ಈಚೆ ದಂಡೆಯಲ್ಲೇ ನಿಂತಿತು. ಮಗು ಉಳಿಯಲಿಲ್ಲ, ಅವಳು ಉಳಿದದ್ದೇ ದೊಡ್ಡದು. ಈಗ ಮತ್ತೆ ಬಸಿರಾಗಿದ್ದಳು, ದಿನ ತುಂಬುವುದು ಮತ್ತೆ ಮಳೆಗಾಲದಲ್ಲೇ. ಈ ಸಲ ದಾಂಡೇಲಿಯಲ್ಲೇ ಇರಲಿ ಅಂತ ಅಳಿಯ ಹೇಳಿ ನೋಡಿದ. "ನಮ್ಮವ್ವನ ಬಿಟ್ಟು ನಾ ಹಡಿಯೂದಿಲ್ಲ" ಅಂತ ಶಾಂತವ್ವ ಹಟ ಹಿಡಿದು ಬಂದು ಕೂತಿದ್ದಳು. ಗಂಗವ್ವ ಎಲ್ಲರೆದುರು ಅವಳನ್ನು ಬೈಯುತ್ತಿದ್ದಳು. ಒಳಗೊಳಗೇ ಮಗಳು ಬಂದದ್ದಕ್ಕೆ ಸಂತೋಷ, ಹಳ್ಳದ ಕಡೆ ನೋಡಿದಾಗ ಹೆದರಿಕೆ.

ಆ ಹಳ್ಳಕ್ಕೆ ಚಕ್ಕಡಿ ದಾಟುವಂಥ ಮೋರಿ ಕಟ್ಟುವುದೇ ಆ ವರ್ಷ ನನ್ನ ಕೆಲಸವಾಯಿತು. ಸಿಮೆಂಟಿನ ಪೈಪು, ಗೌಂಡಿ ಸರಕಾರದ್ದು. ಕಲ್ಲು, ಗರಸು, ಹೇರುವ ಚಕ್ಕಡಿ, ಆಳು ಊರಿನದ್ದು. ಪೈಪುಗಳು ಆಗಲೇ ಹಳಿಯಾಳದಲ್ಲಿ ಬಂದು ಬಿದ್ದಿದ್ದವು. ಆದರೆ ಮುಂಡಗೋಡ ಕಡೆಯ ಒಂದು ಊರೂ ಅವನ್ನೇ ಕೇಳುತ್ತಿತ್ತು. ಯಾವ ಊರು ಮೊದಲು ಕೈ ಹಚ್ಚುತ್ತದೋ ಆ ಊರಿಗೆ ಪೈಪು ಅಂತ ತೀರ್ಮಾನ.

ನಮ್ಮ ಬ್ಲಾಕ್ ಸಾಹೇಬರು ಮೈಸೂರು ಕಡೆಯವರು. ಒಳ್ಳೆಯ ಮನುಷ್ಯ, ಜನರಿಗೆ ತಿಳಿಸಿ ಹೇಳಿದರೆ ಆಗದ ಕೆಲಸವಿಲ್ಲ ಅಂತ ಬಲವಾಗಿ ನಂಬಿದ್ದವರು. "ಪ್ರಚಾರ ಕಣಮ್ಮಾ, ಪ್ರಚಾರ. ಒಂದ್ಸಲ ಹೇಳಿದ್ರೆ ಸಾಲದು, ಹತ್ತು ಸಲ ಹೇಳ್ಬೇಕು" ಅನ್ನುವರು. ಹಾಗೆಯೇ ಹೇಳಿದೆವು. 'ಕೈ ಕೆಸರಾದರೆ ಬಾಯಿ ಮೊಸರು' ಅಂತ ದೊಡ್ಡ ಅಕ್ಷರದಲ್ಲಿ ಬರೆದ ಭಿತ್ತಿಪತ್ರಗಳು ಬಂದವು. ಊರ ಗೋಡೆಗೆಲ್ಲ ಹಚ್ಚಿದೆ. ಎರಡು ದಿನ ಬಿಟ್ಟು ನೋಡಿದರೆ ಒಂದೂ ಇಲ್ಲ. ಕಾಗದ ದಪ್ಪ ಇತ್ತು ಅಂತ ಹೆಂಗಸರು ಬಿಡಿಸಿಕೊಂಡು ಹೋಗಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ್ದರು. ಬಾಯಿ ಮೊಸರಾಗದಿದ್ದರೂ ಉಪ್ಪಿನಕಾಯಿಯಂತೂ ಕೆಡಲಿಲ್ಲ.

ಆಮೇಲೆ ಪ್ರಚಾರದ ವ್ಯಾನು ಬಂತು. ಯಾವುದೋ ಉತ್ತರದ ಊರಿನವರು ತಾವೇ ರಸ್ತೆ ಮಾಡಿಕೊಂಡ ಸಿನೆಮಾ, ಮಾತೆಲ್ಲ ಹಿಂದಿ. ಇಡೀ ಕೆಂಚನಕೊಪ್ಪ ಚಾಪೆ ಹಾಸಿಕೊಂಡು ಕೂತು ನೋಡಿತು. ಮರುದಿನದಿಂದ ವಾರಗಟ್ಟಲೆ ಊರಲ್ಲಿ ಅದೇ ಮಾತು. ನನಗೆ ಹಿಗ್ಗು. ಕಿವಿಗೊಟ್ಟು ಕೇಳಿದರೆ ರಸ್ತೆಯ ಮಾತಿಲ್ಲ, ಸಿನೆಮಾದಲ್ಲಿ ಕಲ್ಲು ಹೇರುತ್ತಿದ್ದ ಎತ್ತುಗಳ ಮಾತು.

"ಆ ಬಲಗಡೆದರ ಕೊಂಬು ನೋಡಿದ್ಯೋ? ಏನ್ ಎತ್ತಲೇ ಅದು."

"ಎತ್ತ ಚೊಲೊ ಅದಾವ, ಖರೆ. ಆದ್ರ ಹೊಟ್ಟಿಗಿ ಹಾಕಿಲ್ಲ. ಪಕ್ಕೆಲಬ ಎಣಿಸಾಕ ಬರ್ತಿದ್ದುವು."

ಮಾತೇ ಆಡದ ಈರಪ್ಪನೂ ಊಟಕ್ಕೆ ಕೂತಾಗ, "ಆ ಎತ್ತಿನ ಮಾಲಕ ಸಿಕ್ಕರ ಎರಡ ಮಾತ ಬೈತಿದ್ದೆ" ಅಂದ. ಎತ್ತು ಅಂದರೆ ಈ ಊರವರಿಗೆ ಏನು ಎಂಬುದು ನನಗೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ನಮ್ಮ ಕಡಲಿನ ಕಡೆ ದೋಣಿಯ ಮೇಲೆ ಇರುವಷ್ಟು ಪ್ರೀತಿ ಇವರಿಗೆ ಎತ್ತಿನ ಮೇಲೆ ಅಂದುಕೊಂಡು ಸುಮ್ಮನಾದೆ.

ಸಭೆಗಳನ್ನಂತೂ ಬಿಡಿ. ಚಾವಡಿಯಲ್ಲಿ ಹಿರಿಯರನ್ನೆಲ್ಲ ಕೂಡಿಸಿ, ಮೋರಿಯಿಂದ ಏನೇನು ಲಾಭ ಅಂತ ಗಂಟಲು ಹರಿಯುವಂತೆ ಹೇಳಿದೆ. ಪ್ರತಿ ಮಾತಿಗೂ "ಹೂನ್ರಿ". ಕಲ್ಲು ಹೇರುತ್ತೀರಾ? "ಹೂನ್ರಿ." ಎಲ್ಲರೂ ಬರುತ್ತೀರಾ? "ಹೂನ್ರಿ ಅಕ್ಕೋರ, ನೀವು ಹೇಳಿದ ಮ್ಯಾಲ ಮುಗೀತಲ್ರಿ." ನಾನು ಖುಷಿಯಿಂದ ಸಾಹೇಬರಿಗೆ ವರದಿ ಕೊಟ್ಟೆ. ಸಾಹೇಬರು ಖುಷಿಯಿಂದ ಕಾರವಾರದ ಜಿಲ್ಲಾ ಕಚೇರಿಗೆ ಬರೆದರು. ಕಾರವಾರದಿಂದ ದೊಡ್ಡ ಸಾಹೇಬರು ತಾವೇ ಬಂದು ಕೆಲಸ ಶುರು ಮಾಡಿಸುತ್ತೇವೆ ಅಂದರು. ದಾಂಡೇಲಿಯ ಬಂಗಲೆಯಲ್ಲಿ ಭಾನುವಾರ ವಸತಿ, ಸೋಮವಾರ ಬೆಳಿಗ್ಗೆ ಕೆಂಚನಕೊಪ್ಪ ಅಂತ ಕಾರ್ಯಕ್ರಮ ಗೊತ್ತಾಯಿತು. ಊರ ತಳವಾರ ಹಲಗೆ ಬಾರಿಸಿ ಓಣಿ ಓಣಿಗೆ ಸಾರಿದ: "ಬರೂ ಸೋಮವಾರ ಎಲ್ಲಾರೂ ಚಕ್ಕಡಿ ಹೂಡಿಕೊಂಡ ಹಳ್ಳಕ್ಕ ಬರಬೇಕಂತ್ರಪೋ." ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ತುಟಿ ಬಿಚ್ಚಲಿಲ್ಲ. ನಾನು ಅದನ್ನು ಒಪ್ಪಿಗೆ ಅಂತ ತಿಳಿದೆ.

ಭಾನುವಾರ ಸಂಜೆ ಹಿಟ್ಟಿನ ಗಿರಣಿಗೆ ಹೋದೆ. ಊರಿಗೆ ಹೊಸದಾಗಿ ಎಂಜಿನ್ ಗಿರಣಿ ಬಂದಿತ್ತು. ಚಾವಡಿ ಗಂಡಸರದಾದರೆ ಗಿರಣಿ ಹೆಂಗಸರದು, ಜೋಳದ ಬುಟ್ಟಿ ಸಾಲಿಗಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತರೆ ಊರಿನ ಸುದ್ದಿಯೆಲ್ಲ ಅಲ್ಲೇ ಬೀಸಿ ಹೋಗುತ್ತಿತ್ತು. ನಾನು ಬಂದದ್ದನ್ನು ನೋಡದೆ ಒಬ್ಬಳು ಅನ್ನುತ್ತಿದ್ದಳು: "ಸೋಮವಾರ ಚಕ್ಕಡಿ ಹೂಡಬೇಕಂತ. ಬಸವಣ್ಣನ ದಿನ. ನಾಳೆ ಆ ಸಾಹೇಬ ಬರ್ತಾನ, ಹಳ್ಳದಾಗ ಒಂದ ನಾಯಿನೂ ಇರೂದಿಲ್ಲ."

ಎಲ್ಲರೂ ನಕ್ಕರು. ನನ್ನನ್ನು ನೋಡಿ ಗಪ್ಪಾದರು. ನನಗೆ ಅರ್ಥವಾಗಲು ಕ್ಷಣ ಹಿಡಿಯಿತು. ಸೋಮವಾರ ಶಿವನ ದಿನ. ಶಿವನ ವಾಹನ ಬಸವಣ್ಣ. ಬಸವಣ್ಣ ಅಂದರೆ ಕೊಟ್ಟಿಗೆಯ ಎತ್ತು. ಆ ದಿನ ಈ ಊರಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ತಲೆತಲಾಂತರದಿಂದ ಇಟ್ಟವರಿಲ್ಲ. ಸೋಮವಾರ ನಾನು ಊರಲ್ಲಿ ಇರುತ್ತಲೇ ಇರಲಿಲ್ಲ, ಬ್ಲಾಕ್ ಆಫೀಸಿನ ವಾರದ ಸಭೆಗೆ ಹಳಿಯಾಳಕ್ಕೆ ಹೋಗುತ್ತಿದ್ದೆ. ಆ ಆಫೀಸಿನ ಬಾಗಿಲು ಕಾಯುವ ಪಟ್ಟೇವಾಲನಿಗೂ ಇದು ಗೊತ್ತಿತ್ತು ಅಂತ ಆಮೇಲೆ ತಿಳಿಯಿತು. ಅವನನ್ನೂ ಯಾರೂ ಕೇಳಿರಲಿಲ್ಲ.

ಮನೆಗೆ ಬಂದವಳೇ ಗಂಗವ್ವನ ಮೇಲೆ ಹರಿಹಾಯ್ದೆ. ನನ್ನ ಸಿಟ್ಟು ಆಗ ಬೆಂಕಿಪೆಟ್ಟಿಗೆಯಲ್ಲೇ ಇರುತ್ತಿತ್ತು, ಈಗಲೂ ಬಹಳ ದೂರ ಹೋಗಿಲ್ಲ.

"ಗಂಗವ್ವ, ಇಷ್ಟು ದಿನ ಒಂದೇ ಮನೆಯಲ್ಲಿ ಇದ್ದೇವೆ. ಸೋಮವಾರ ಆಗುವುದಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನೀವು ಕೇಳಿದ್ರೇನು? ನೀವು ಹೇಳಿದ್ರಿ, ನಾವು ಕೇಳಿದ್ವಿ. ಪಟದಾಗ ಹೇಳಿದ್ರಿ, ಸಿನೆಮಾದಾಗ ಹೇಳಿದ್ರಿ, ಹಲಗಿ ಬಡದ ಹೇಳಿದ್ರಿ. ಯಾವ ವಾರ ಆಗ್ತೈತ್ರಿ ನಿಮಗ ಅಂತ ಯಾರ ಕೇಳಿದ್ರು? ಸಾಹೇಬ್ರ ಮಾತಿಗಿ ನಾವಾಗೇ ಎದುರ ಮಾತಾಡಿದ್ರ ಉದ್ಧಟ ಮಂದಿ ಅಂತಾರ."

ತಡೆಯಲಾರದೆ ಅಂದೆ: "ದೊಡ್ಡ ಸಾಹೇಬರು ಖಾಲಿ ಹಳ್ಳ ನೋಡಿ ಹೋದರೆ ಪೈಪು ಮುಂಡಗೋಡ ಕಡೆ ಹೋಗುತ್ತದೆ. ಮಳೆಗೆ ಇನ್ನೆಷ್ಟು ದಿನ ಇದೆ? ಶಾಂತವ್ವನ ಮುಖ ನೋಡು."

ಶಾಂತವ್ವ ಅಲ್ಲೇ ಕಂಬಕ್ಕೆ ಒರಗಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಗಂಗವ್ವನ ಕೈ ಹಿಟ್ಟಿನ ಮೇಲೆ ನಿಂತಿತು.

"ನನ್ನ ಮಗಳಿಗಾಗಿ ಬಸವಣ್ಣನ ದಿನ ಮುರೀರಿ ಅಂತ ಊರಿಗಿ ಹೆಂಗ ಹೇಳ್ಲಿ ಅಕ್ಕೋರ?" ಅಂದಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಮೊದಲ ಸಲ ಕೇಳಿದ್ದು.

ಒಲೆಯ ಉರಿ ಹಿಂದಕ್ಕೆಳೆದು ಎದ್ದಳು. ಮನೆಯಲ್ಲಿ ಹಿಟ್ಟು ತುಂಬಿ ತುಳುಕುತ್ತಿತ್ತು. ಆದರೂ ಒಂದು ಬುಟ್ಟಿ ಜೋಳ ತುಂಬಿಕೊಂಡು, "ಬರ್ರಿ, ಗಿರಣಿಗಿ ಹೋಗೂಣು" ಅಂದಳು. ಗಿರಣಿಯ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿದಳು:

"ಅಲ್ರವಾ, ಒಂದ ಮಾತ ಕೇಳ್ತೇನಿ. ಸೋಮವಾರ ಎತ್ತಿಗೆ ಸೂಟಿ ಐತಿ, ಖರೆ. ಗಂಡಸರಿಗೆ ಯಾವ ದೇವರ ಸೂಟಿ ಕೊಟ್ಟಾನ?"

ಹೆಂಗಸರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಗಿರಣಿಯವನೂ ನಕ್ಕ. ಆ ಮಾತು ಹಿಟ್ಟಿನ ಬುಟ್ಟಿಗಳ ಜೊತೆ ಮನೆಮನೆಗೆ ಹೋಯಿತು. ಊಟಕ್ಕೆ ಕೂತ ಗಂಡಸರ ಗಂಗಾಳಕ್ಕೆ ರೊಟ್ಟಿಯ ಜೊತೆ ಅದನ್ನೂ ಬಡಿಸಿದರು ಅಂತ ಕಾಣುತ್ತದೆ. ನಮ್ಮ ಮನೆಯಲ್ಲಿ ಬಡಿಸಿದ್ದನ್ನಂತೂ ನಾನೇ ನೋಡಿದೆ. ಈರಪ್ಪ ಗಂಟಲಿಗೆ ರೊಟ್ಟಿ ಸಿಕ್ಕವನಂತೆ ಹೆಂಡತಿಯನ್ನು ನೋಡಿ, ನೀರು ಕುಡಿದು, ಎದ್ದು ಹೋಗಿ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕತೊಡಗಿದ. ಬೆಳಕು ಹಿಡಿಯಲು ಹೋದ ನಾನೂ ಕೈ ಹಾಕಿದೆ. ಅಂಗೈ ಕಪ್ಪಾದದ್ದು ಆಗ.

ಮರುದಿನ ಬೆಳಿಗ್ಗೆ ಜೀಪು ಬಂದಾಗ ಹಳ್ಳದ ದಂಡೆಯಲ್ಲಿ ಜಾತ್ರೆಯಷ್ಟು ಜನ. ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ನೆರಳಲ್ಲಿ ಮೆಲುಕು ಹಾಕುತ್ತ ನಿಂತಿದ್ದವು. ಕಲ್ಲು ತುಂಬಿದ ಚಕ್ಕಡಿಗಳ ನೊಗಕ್ಕೆ ಹೆಗಲು ಕೊಟ್ಟವರು ಗಂಡಸರು, ಹಿಂದಿನಿಂದ ನೂಕುವವರು ಹೆಂಗಸರು. ಎಳೆಯುವವರು ಬೇಕೆಂದೇ ಎತ್ತಿನ ಹಾಗೆ ತಲೆ ಕೊಡವುತ್ತಿದ್ದರು. ಹೆಂಗಸರು "ಹೋ, ಬಲಕ್ಕ, ಬಲಕ್ಕ" ಅಂತ ಎತ್ತು ಹೊಡೆದಂತೆ ಹೊಡೆಯುತ್ತಿದ್ದರು. ಇಂಥ ಅವಕಾಶ ಜೀವಮಾನದಲ್ಲಿ ಮತ್ತೆ ಸಿಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ನಮ್ಮ ಸಾಹೇಬರ ಮುಖ ಬಿಳಿಚಿಕೊಂಡಿತು. "ಏನ್ರೀ ಇದು, ಎತ್ತುಗಳಿಗೆ ರೋಗಗೀಗ ಬಂದಿದ್ಯಾ?" ಅಂದರು.

ನೊಗದ ಕೆಳಗಿನಿಂದ ಈರಪ್ಪ ಹೇಳಿದ: "ಅವಕ್ಕ ಇವತ್ತ ಸೂಟೀರಿ ಸಾಹೇಬ್ರ. ನಾವು ಡ್ಯೂಟಿ ಮ್ಯಾಲ ಅದೇವಿ."

ಈರಪ್ಪ ಹತ್ತು ಮಂದಿಯೆದುರು ಆಡಿದ ಮೊದಲ ಮಾತು ಅದು. ದೊಡ್ಡ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕು, ಕೋಟು ಜೀಪಿನಲ್ಲಿ ಎಸೆದು, ಒಂದು ಚಕ್ಕಡಿಗೆ ಕೈ ಕೊಟ್ಟರು. ಪೈಪುಗಳು ಆ ವಾರವೇ ಊರಿಗೆ ಬಂದವು.

ಇದಕ್ಕೊಂದು ಬಾಲವೂ ಇದೆ. ಕಣ್ಣಾರೆ ಕಂಡದ್ದನ್ನು ನಮ್ಮ ಸಾಹೇಬರು ಚೆಂದಾಗಿ ವರದಿ ಬರೆದು ಕಳಿಸಿದರು. ಅದು ಕಾರವಾರ ಸುತ್ತಿ, ಸುತ್ತೋಲೆಯಾಗಿ ಎಲ್ಲ ತಾಲೂಕಿಗೆ ಬಂತು: ಶ್ರಮದಾನವನ್ನು ಆದಷ್ಟು ಸೋಮವಾರ ಇಟ್ಟುಕೊಳ್ಳಬೇಕು, ಗಾಡಿಗಳನ್ನು ಜನರೇ ಎಳೆದರೆ ಉತ್ಸಾಹ ಹೆಚ್ಚುತ್ತದೆ. ಆಗಿನ ಸೂಪಾ, ಈಗಿನ ಜೋಯಿಡಾ ಕಡೆಯ ಗ್ರಾಮಸೇವಕ ಸಭೆಯಲ್ಲಿ ನನ್ನನ್ನು ಹಿಡಿದು, "ನಮ್ಮ ಕಡೆ ಆ ರೂಢಿನೇ ಇಲ್ಲ. ಎತ್ತು ಖಾಲಿ ನಿಂತಾವ, ಜನ ಗಾಡಿ ಎಳೀಲಿಕ್ಕೆ ಹತ್ಯಾರ. ಯಾಕಂತ ನನ್ನ ಕೇಳ್ತಾರ. ನಾ ಏನ್ ಹೇಳ್ಲಿ ಅಕ್ಕೋರ?" ಅಂತ ಗೋಳಾಡಿದ. ಅವರನ್ನೂ ಯಾರೂ ಕೇಳಿರಲಿಲ್ಲ ನೋಡಿ. ನಾನು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡೆ, ಪಾಪ, ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಕೆಂಚನಕೊಪ್ಪದಲ್ಲಿ ನಾನು ಹೇಳುವುದನ್ನು ಕಡಿಮೆ ಮಾಡಿದೆ. ಗಿರಣಿಯ ಕಟ್ಟೆಯ ಮೇಲೆ ಕೂತು ಕೇಳಲು ಕಲಿತೆ. ಯಾವ ದಿನ ಯಾವ ಓಣಿಗೆ ಪುರಸೊತ್ತು, ಯಾರ ಮನೆಯಲ್ಲಿ ಮದುವೆ, ಹಳ್ಳದಲ್ಲಿ ನೀರು ಎಲ್ಲಿ ಕೊರೆಯುತ್ತದೆ, ಎಲ್ಲ ಅಲ್ಲೇ ಸಿಗುತ್ತಿತ್ತು. ಬಿಸಿಲು ಏರಿತು, ಗರಸು ಬಿತ್ತು, ಗೌಂಡಿ ಬೈಯುತ್ತ ಹಾಡುತ್ತ ಪೈಪು ಕೂಡಿಸಿದ. ಶಾಂತವ್ವ ಭಾರವಾದ ಮೈ ಹೊತ್ತುಕೊಂಡು ಸಂಜೆಗೊಮ್ಮೆ ಬಂದು ದಂಡೆಯಲ್ಲಿ ನಿಂತು ನೋಡಿ ಹೋಗುವಳು. ಮುಂಗಾರಿನ ಮಿರಗದ ಮಳೆ ಹಿಡಿಯುವ ಹೊತ್ತಿಗೆ ಮೋರಿಯ ಮೇಲೆ ಚಕ್ಕಡಿ ಓಡಾಡುತ್ತಿತ್ತು. ಕಾರಹುಣ್ಣಿವೆಗೆ ಊರಿನ ಎತ್ತುಗಳೆಲ್ಲ ಕೊಂಬಿಗೆ ಬಣ್ಣ ಬಳಿಸಿಕೊಂಡು ಅದರ ಮೇಲೇ ಮೆರವಣಿಗೆ ಹೋದವು. ಆ ದಿನದಷ್ಟು ಹೋಳಿಗೆಯನ್ನು ನಾನು ಮತ್ತೆ ತಿಂದಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಬೆಳಗಿನ ಜಾವ ಶಾಂತವ್ವನಿಗೆ ಬೇನೆ ಎದ್ದಿತು. ಹೊರಗೆ ಮಳೆ ಒಂದೇ ಸಮನೆ. ಊರ ಸೂಲಗಿತ್ತಿ ಮುಟ್ಟಿ ನೋಡಿ, "ಕೂಸು ಅಡ್ಡ ಐತಿ. ದವಾಖಾನಿಗೆ ಒಯ್ರಿ" ಅಂದಳು. ಈರಪ್ಪ ನೊಗ ಎತ್ತಿಕೊಳ್ಳಲು ಓಡಿದವನು ಅಂಗಳದಲ್ಲಿ ಕಲ್ಲಾಗಿ ನಿಂತ.

ಅವತ್ತು ಸೋಮವಾರ.

ಹಳ್ಳದವರೆಗಾದರೆ ಗಂಡಸರು ಎಳೆದಾರು. ಹಳಿಯಾಳದ ತನಕ, ಆ ಕೆಸರಲ್ಲಿ, ಯಾರ ಹೆಗಲಿಗೂ ಆಗುವ ಮಾತಲ್ಲ. ಅಕ್ಕಪಕ್ಕದವರು ಬಂದು ಅಂಗಳದಲ್ಲಿ ನೆನೆಯುತ್ತ ನಿಂತರು. ಬೇಡ ಅನ್ನುವ ಕಲ್ಲೆದೆಯವರು ಯಾರೂ ಇರಲಿಲ್ಲ, ಹೂಡು ಅನ್ನುವ ಧೈರ್ಯವೂ ಯಾರಿಗೂ ಬರಲಿಲ್ಲ. ಒಳಗಿನಿಂದ ಶಾಂತವ್ವನ ನರಳಾಟ ಕೇಳುತ್ತಿತ್ತು.

ಗಂಗವ್ವ ಮಗಳ ಹತ್ತಿರದಿಂದ ಎದ್ದು ಬಂದಳು. ಯಾರ ಮುಖವನ್ನೂ ನೋಡದೆ ಕೊಟ್ಟಿಗೆಗೆ ನಡೆದಳು. ನಾನು ಕಂದೀಲು ಹಿಡಿದು ಹಿಂದೆ ಹೋದೆ. ಮಲ್ಲ, ಚೆನ್ನ ಎರಡೂ ಎತ್ತು ಎದ್ದು ನಿಂತಿದ್ದವು. ಅವಳು ಬಗ್ಗಿ ಅವುಗಳ ಗೊರಸು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹಿರಿಯ ಎತ್ತು ಮಲ್ಲನ ಕೊರಳ ಮೇಲೆ ಕೈ ಇಟ್ಟು, ಮನೆಯವರೊಡನೆ ಮಾತಾಡುವ ದನಿಯಲ್ಲೇ ಹೇಳಿದಳು:

"ಯಪ್ಪಾ, ಇವತ್ತ ಸೋಮವಾರ ಐತಿ. ನಿನ್ನ ದಿನ. ಇಲ್ಲಿ ತನಕ ಈ ಮನ್ಯಾಗ ಯಾರೂ ನಿನ್ನ ದಿನ ಮುರದಿಲ್ಲ. ಆದ್ರ ಶಾಂತಿ ಬ್ಯಾನಿ ತಿನ್ನಾಕತ್ತಾಳ. ಹೋದ ವರ್ಷ ಏನಾತು, ನೀನೂ ದಂಡ್ಯಾಗ ನಿಂತ ನೋಡೀದಿ. ಅದಕ್ಕ ಕೇಳಾಕ ಬಂದೇನಿ. ನಾಳೆ ಮಂಗಳವಾರ ನಿಮಗ ಸೂಟಿ, ಮಾತು ಕೊಡ್ತೇನಿ. ಇವತ್ತ ಬರ್ತಿಯೇನಪ್ಪಾ?"

ಮಲ್ಲ ಮುಸುಡಿ ಚಾಚಿ ಅವಳ ತೋಳು ಮೂಸಿತು. ಆಮೇಲೆ ಕಣ್ಣಿ ಬಿಚ್ಚಿದ್ದೇ ತಾನಾಗಿ ಬಾಗಿಲ ಕಡೆ ತಿರುಗಿ ನಡೆಯಿತು. ಚೆನ್ನ ಅದರ ಹಿಂದೆ. ಎತ್ತು ಒಪ್ಪಿತೋ, ಅಭ್ಯಾಸಬಲದಿಂದ ಹೊರಟಿತೋ, ಅದನ್ನು ವಾದಿಸುವವರು ವಾದಿಸಲಿ. ಅಂಗಳದಲ್ಲಿ ನಿಂತವರೆಲ್ಲ ಕೈ ಮುಗಿದು ದಾರಿ ಬಿಟ್ಟರು. ಈರಪ್ಪ ಅಳುತ್ತ ನೊಗ ಕಟ್ಟಿದ.

ಹಳ್ಳ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಮೋರಿಯ ಮೇಲೆ ಗಾಲಿ ಹತ್ತಿದಾಗ ನಾನು ಚಕ್ಕಡಿಯಲ್ಲಿ ಶಾಂತವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಹಳ್ಳ ಬಂತೇನ್ರಿ ಅಕ್ಕೋರ?" ನಾನು ಉತ್ತರ ಕೊಡುವಷ್ಟರಲ್ಲಿ ಹಳ್ಳ ಹಿಂದಾಗಿತ್ತು. "ದಾಟಿತು" ಅಂದೆ. ಅವಳು ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಒಡೆದು ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ನಾವೆಲ್ಲ ನಿಂತಿದ್ದೆವು. ಈರಪ್ಪ, ಸುದ್ದಿ ಮುಟ್ಟಿ ದಾಂಡೇಲಿಯಿಂದ ಲಾರಿ ಹತ್ತಿ ಬಂದ ಅಳಿಯ, ಊರಿನ ನಾಲ್ಕಾರು ಮಂದಿ, ನಾನು. ಒಳಗಿನ ಬಾಗಿಲು ತೆರೆಯಿತು. ಗಂಗವ್ವ ಹೊರಗೆ ಬಂದಳು. ಮುಖ ನೋಡಿದರೆ ಏನೂ ತಿಳಿಯುವ ಹಾಗಿರಲಿಲ್ಲ. ಅಳಿಯ ಒಂದು ಹೆಜ್ಜೆ ಮುಂದೆ ಬಂದ. ಅವಳು ಅವನನ್ನು ದಾಟಿ, ಗಂಡನನ್ನು ದಾಟಿ, ನನ್ನನ್ನೂ ದಾಟಿ ಮೆಟ್ಟಿಲಿಳಿದು, ಮಳೆಯಲ್ಲೇ ಬೇವಿನ ಮರದ ಕಡೆ ನಡೆದಳು. ಅಲ್ಲಿ ಎತ್ತುಗಳನ್ನು ಕಟ್ಟಿದ್ದೆವು.

"ಏ, ಏನಾತು ಅಂತ ನಮಗ ಹೇಳಬಾರದೇನ?" ಈರಪ್ಪ ಕೂಗಿದ.

ಗಂಗವ್ವ ತಿರುಗಿ ನೋಡಲಿಲ್ಲ. "ತಡೀರಿ. ಅವರನ್ನ ಕೇಳಿ ಕರಕೊಂಡ ಬಂದೇನಿ. ಮೊದಲ ಅವರಿಗೆ ಹೇಳಿ ಬರ್ತೇನಿ."

ಮಲ್ಲನ ಒದ್ದೆ ಕೊರಳನ್ನು ಎರಡೂ ಕೈಯಿಂದ ತಬ್ಬಿಕೊಂಡು, ಅದರ ಕಿವಿಯ ಹತ್ತಿರ ಬಾಯಿ ಇಟ್ಟು ಅವಳು ಹೇಳಿದ್ದು, ಅವಳ ಗಂಟಲೇ ಅಂಥದು, ಪಡಸಾಲೆಯಲ್ಲಿದ್ದ ನಮಗೆಲ್ಲ ಕೇಳಿಸಿತು:

"ಹೆಣ್ಣು ಹುಟ್ಟೈತಿ ಯಪ್ಪಾ. ತಾಯಿ ಮಗಳು ಇಬ್ಬರೂ ಚೊಲೊ ಅದಾರ."